ದಿಲ್ಲಿಗೆ ಹೊರಟ ಐದು ಕೊಬ್ಬರಿ

ನಮ್ಮ ಭಾವ ಗಂಗಾಧರಯ್ಯನವರಿಗೆ ದೂರವನ್ನು ಕಿಲೋಮೀಟರಿನಲ್ಲಿ ಹೇಳಿ ಪ್ರಯೋಜನವಿಲ್ಲ. ತಮ್ಮೂರು ಶೆಟ್ಟಿಕೆರೆಯಿಂದ ತಿಪಟೂರು ಎಷ್ಟು ದೂರ ಎಂದರೆ ‘ಒಂದು ಟೀ’ ಎನ್ನುತ್ತಾರೆ. ಪುಣೆ ಎಂದರೆ ‘ಎರಡು ಊಟ, ಒಂದು ನಿದ್ದೆ’. ದಿಲ್ಲಿಯಾದರೆ ‘ನಾಲ್ಕು ನಿದ್ದೆ, ದೇವರು ಕಣ್ಣು ಬಿಟ್ಟರೆ.’ ಇಪ್ಪತ್ತಾರು ವರ್ಷ ತಿಪಟೂರಿನ ಮಂಡಿಗಳಿಂದ ದಿಲ್ಲಿಗೆ ಕೊಬ್ಬರಿ ಲಾರಿ ಓಡಿಸಿದ ಮನುಷ್ಯ. ಬೇರೆಯವರ ಕೊಬ್ಬರಿಯನ್ನು ಅಷ್ಟು ದೂರ ಹೊತ್ತುಕೊಂಡು ಹೋಗಿ ಇಳಿಸಿ ಬಂದರೇ ಹೊರತು, ಸ್ವಂತದ್ದು ಎಂದು ಒಂದನ್ನೂ ಒಯ್ದವರಲ್ಲ.

ನಾನು ಅನಿತಾ, ಭಾವನ ಹೆಂಡತಿ ಚಿಕ್ಕಗೌರಮ್ಮನ ತಂಗಿ. ತುರುವೇಕೆರೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಕತ್ತರಿಗಿಂತ ನನ್ನ ನಾಲಗೆ ಚೂಪು ಎಂದು ನಮ್ಮ ಯಜಮಾನರು ಹೇಳುತ್ತಾರೆ, ಅದೇನು ಸುಳ್ಳಲ್ಲ. ಭಾವನ ಮೇಲೆ ಆ ಚೂಪನ್ನು ಬೇಕಾದಷ್ಟು ಸಲ ತೋರಿಸಿದ್ದೇನೆ. ಅಕ್ಕನಿಗೆ ಮಗಳು ಧನ್ಯಶ್ರೀ ಹುಟ್ಟಿದಾಗ ಈ ಮಹಾರಾಯರು ನಾಗಪುರದ ಹತ್ತಿರ ಟೈರು ಬಿಚ್ಚುತ್ತಿದ್ದರು. ನಾಮಕರಣಕ್ಕೆ ಮಾರನೇ ದಿನ ಬಂದರು. ಅವಳನ್ನು ಸ್ಕೂಲಿಗೆ ಸೇರಿಸಿದ್ದು ನಾನು. ಎಲ್ಲ ಮುಗಿದ ಮೇಲೆ ಬರುವುದಕ್ಕೆ ನಮ್ಮ ಮನೆಯಲ್ಲಿ ‘ಭಾವನ ಟೈಮು’ ಎಂದೇ ಹೆಸರಿತ್ತು. ಅಕ್ಕ ಒಂದು ದಿನವೂ ಗೊಣಗಲಿಲ್ಲ. ಅವಳ ಪಾಲಿನದನ್ನೂ ಸೇರಿಸಿ ನಾನೇ ಗೊಣಗುತ್ತಿದ್ದೆ.

ಹಾಗೆಂದು ಮನುಷ್ಯ ಕೆಟ್ಟವರಲ್ಲ. ಒಂದು ಬೀಡಿ ಸೇದಿದವರಲ್ಲ, ಒಂದು ಲೋಡು ಕೆಡಿಸಿದವರಲ್ಲ. ಕೊಬ್ಬರಿಯೆಂದರೆ ಮೈಯೆಲ್ಲ ಎಣ್ಣೆ, ಒತ್ತಾಗಿ ತುಂಬಿದ ಲೋಡು ಒಳಗೊಳಗೇ ಕಾಯುತ್ತದೆ, ಕಿಡಿ ಬಿದ್ದರೆ ಮುಗಿಯಿತು. ಒಮ್ಮೆ ಯಾವುದೋ ಧಾಬಾದ ಮುಂದೆ ಹುಳಿಯಾರಿನ ರಂಗನಾಥ್ ಎಂಬ ಡ್ರೈವರು ಲೋಡಿಗೆ ಒರಗಿಕೊಂಡು ಬೀಡಿ ಹಚ್ಚಿದನಂತೆ. ಭಾವ ಎಲ್ಲರೆದುರೇ ಕಪಾಳಕ್ಕೆ ಕೊಟ್ಟರು. ಆಮೇಲೆ ತಾವೇ ಟೀ ಕುಡಿಸಿ, ಕೊಬ್ಬರಿ ಹೇಗೆ ಉರಿಯುತ್ತದೆ ಎಂದು ಅರ್ಧ ಗಂಟೆ ಪಾಠ ಹೇಳಿದರು. ಆ ರಂಗನಾಥ್ ಅಂದಿನಿಂದ ಭಾವನನ್ನು ‘ಗುರುಗಳೇ’ ಎನ್ನುತ್ತಾನೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಾನು ಮರೆತಿದ್ದೆ.

ನಮ್ಮ ಕಡೆ ಕೊಬ್ಬರಿ ಆಗುವುದು ಬಿಸಿಲಿನಲ್ಲಲ್ಲ, ಅಟ್ಟದ ಮೇಲೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಸುಮ್ಮನಿರಬೇಕು. ಹನ್ನೊಂದು ತಿಂಗಳೋ ವರ್ಷವೋ ಕಳೆದು, ಒಳಗಿನ ನೀರೆಲ್ಲ ಇಂಗಿ, ಅಲುಗಾಡಿಸಿದರೆ ಕಾಯಿಯೊಳಗೆ ಉಂಡೆ ಲೊಟಲೊಟ ಎನ್ನಬೇಕು. ಅದಕ್ಕೆ ಮೊದಲು ಕೈಹಾಕಿದರೆ ಕೆಟ್ಟಿತು. ಹೋದ ವರ್ಷ ಶಿವರಾತ್ರಿಯ ಮಾರನೇ ದಿನ ಅಕ್ಕ ಅಟ್ಟದ ಒಂದು ಮೂಲೆಯಲ್ಲಿ ಐದು ಕಾಯಿ ಬೇರೆ ಇಟ್ಟು, ಸುತ್ತ ಒಂದು ಹಳೆಯ ಸೀರೆಯ ಅಂಚು ಕಟ್ಟಿದಳು. ಧನ್ಯ ಹುಟ್ಟಿದಾಗ ಹಿತ್ತಲಲ್ಲಿ ನೆಟ್ಟ ಮರದ ಕಾಯಿಗಳವು.

“ಇವ್ಯಾಕೆ ಬ್ಯಾರೆ ಅಕ್ಕ?” ಎಂದೆ.

“ಧನ್ಯನ ಮಡ್ಲಿಗೆ ಕಣೇ. ಅವಳು ಬಸ್ರಿ ಆದ್ಮೇಲೆ ಅಟ್ಟಕ್ಕಾಕಿದ್ರೆ ಆಯ್ತದಾ? ಮಗೀಗೆ ಒಂಬತ್ತು ತಿಂಗ್ಳು ಸಾಕು, ಕೊಬ್ರಿಗೆ ಸಾಲಲ್ಲ.”

ಧನ್ಯನ ಮದುವೆಯಾಗಿ ಆಗ ಆರು ತಿಂಗಳು. ಅವಳು ಗಂಡ ಪುನೀತನ ಜೊತೆ ದಿಲ್ಲಿಯಲ್ಲಿದ್ದಳು, ಔಷಧ ಕಂಪನಿಯೊಂದರ ಗೋದಾಮು ನೋಡಿಕೊಳ್ಳುವ ಕೆಲಸ ಅವನಿಗೆ. ಬಸುರಿನ ಸುದ್ದಿಯೇ ಇರಲಿಲ್ಲ. ‘ಕೂಸು ಹುಟ್ಟೋಕೆ ಮುಂಚೆ ಕುಲಾವಿ’ ಎಂದು ನಾನು ನಕ್ಕೆ. ಆಷಾಢದಲ್ಲಿ ಅಕ್ಕ ತೀರಿಕೊಂಡಳು. ಕೊನೆಗೆ ಹಾಸಿಗೆ ಹಿಡಿದಿದ್ದಾಗ ಭಾವನ ಕೈ ಹಿಡಿದು ಹೇಳಿದ್ದು ಒಂದೇ ಮಾತು: “ಆ ಐದು ಕಾಯಿ ಮಾರ್ಬ್ಯಾಡಿ. ನೀವೇ ತಗಂಡೋಗಿ ಕೊಡಿ.” ಭಾವ ಸ್ಟಿಯರಿಂಗ್ ಬಿಟ್ಟದ್ದು ಅವಳ ಕಾಯಿಲೆಯ ಕಾಲದಲ್ಲಿ. ಆಮೇಲೆ ಲಾರಿ ಹತ್ತಲಿಲ್ಲ.

ಈ ಮಾರ್ಚ್‌ಗೆ ಧನ್ಯನಿಗೆ ಏಳು ತಿಂಗಳು. ಡಾಕ್ಟರು ಮಂಚ ಇಳಿಯಬೇಡ ಎಂದಿದ್ದರಿಂದ ಅವಳು ತವರಿಗೆ ಬರುವಂತಿರಲಿಲ್ಲ. ತವರೇ ಅವಳ ಹತ್ತಿರ ಹೋಗಬೇಕು. ಶುಕ್ರವಾರ ಬೆಳಿಗ್ಗೆ ಹತ್ತೂವರೆಯೊಳಗೆ ಮಡಿಲು ತುಂಬಲು ಒಳ್ಳೆಯ ಗಳಿಗೆ. ಅದು ತಪ್ಪಿದರೆ ಎಂಟನೆಯ ತಿಂಗಳು ಹಿಡಿಯುತ್ತದೆ, ಎಂಟರಲ್ಲಿ ತುಂಬುವ ಪದ್ಧತಿ ನಮ್ಮಲ್ಲಿಲ್ಲ.

ಭಾವ ರೈಲು ಎಂದರು. ಹೋಳಿ ಹಬ್ಬದ ಸಮಯ, ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅದೂ ಅಲ್ಲದೆ, ಇದ್ದದ್ದು ಹೇಳಿಬಿಡುತ್ತೇನೆ, ನನಗೆ ವಿಮಾನ ಹತ್ತುವ ಆಸೆಯಿತ್ತು. ಫೋನಿನಲ್ಲಿ ನೋಡಿ ಹೇಳಿದೆ: “ಬೆಂಗಳೂರಿಂದ ದಿಲ್ಲಿಗೆ ಸಾವಿರದ ಏಳ್ನೂರು ಕಿಲೋಮೀಟ್ರು ಭಾವ. ಎರಡು ಮುಕ್ಕಾಲು ಗಂಟೆ. ಅಷ್ಟೇ.”

ಭಾವ ಮನಸ್ಸಿನಲ್ಲೇ ಲೆಕ್ಕ ಹಾಕಿದರು. “ರೋಡಲ್ಲಿ ಎರಡು ಸಾವ್ರದ ನೂರು ಆಯ್ತದೆ. ಇನ್ನು ನಾನೂರು ಎಲ್ಲೋಯ್ತು?”

“ಆಕಾಶದಲ್ಲಿ ಬಳಸು ದಾರಿ ಇಲ್ವಲ್ಲ ಭಾವ. ಬದಿನ ಮೇಲೆ ಸುತ್ಕೊಂಡು ಹೋಗೋ ಬದ್ಲು ಹೊಲ ಅಡ್ಡ ಬಿದ್ದಂಗೆ.”

“ನಾನೂರಂದ್ರೆ ಒಂದು ನಿದ್ದೆ ಕಣಮ್ಮ,” ಎಂದು ತಲೆಯಾಡಿಸಿದರು. ಎರಡು ಮುಕ್ಕಾಲು ಗಂಟೆಯನ್ನು ಮಾತ್ರ ಅವರು ಕೊನೆಯವರೆಗೂ ನಂಬಲಿಲ್ಲ. ತಿಪಟೂರಿನಿಂದ ಹೊರಟರೆ ಅಷ್ಟು ಹೊತ್ತಿಗೆ ಬೆಂಗಳೂರೇ ಸಿಕ್ಕುವುದಿಲ್ಲ ಎಂಬುದು ಅವರ ವಾದ.

ಟಿಕೆಟ್ ಯಾವ ದಿನಕ್ಕೆ ಎಂಬುದಕ್ಕೂ ಜಗಳವಾಯಿತು. ನಾನು ಗುರುವಾರ ಎಂದೆ. ಅವರು ಮಂಗಳವಾರವೇ ಆಗಬೇಕು ಎಂದರು. ಪಂಚರಿಗೆ ಒಂದು ದಿನ, ಚೆಕ್‌ಪೋಸ್ಟಿಗೆ ಒಂದು ದಿನ ಬಿಟ್ಟು ಹೊರಡುವುದು ಲಾರಿಯವರ ಲೆಕ್ಕ. “ವಿಮಾನಕ್ಕೆ ಪಂಚರ್ ಆಯ್ತದಾ ಭಾವ?” ಎಂದು ಕೇಳಿದೆ. “ಗಾಲಿ ಐತೋ ಇಲ್ವೋ?” ಎಂದರು. ಮಂಗಳವಾರ ಮಧ್ಯಾಹ್ನ ಎರಡು ಗಂಟೆಯ ವಿಮಾನಕ್ಕೆ ಎರಡು ಟಿಕೆಟ್ ತೆಗೆದೆ.

ಸೋಮವಾರ ಭಾವ ಅಟ್ಟ ಹತ್ತಿ ಆ ಐದನ್ನೂ ಇಳಿಸಿದರು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಐದೂ ಲೊಟಗುಟ್ಟಿದವು. ಸಿಪ್ಪೆ ಸುಲಿದು, ಚಿಪ್ಪನ್ನು ಒಂದೊಂದೇ ಏಟಿನಲ್ಲಿ ಬಿಡಿಸಿ, ಉಂಡೆಗೆ ಒಂದು ಗೀರೂ ಬೀಳದಂತೆ ತೆಗೆದರು. ಅಕ್ಕನ ಆ ಸೀರೆ ಅಂಚಿನಲ್ಲೇ ಸುತ್ತಿ ಬ್ಯಾಗಿಗೆ ಹಾಕಿದ್ದು ನಾನು. ನಮ್ಮ ಸೀಮೆಯವರು ಎಲ್ಲಿಗೆ ಹೋದರೂ ಕೊಬ್ಬರಿ ಹೊತ್ತೇ ಹೋಗುತ್ತೇವೆ. ಅದನ್ನು ಬೇಡ ಎನ್ನುವ ಜಾಗ ಭೂಮಿಯ ಮೇಲೆ ಇದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಕಾರಿನಲ್ಲಿ ಹೊರಟೆವು. ಬೆಂಗಳೂರು ದಾಟಿ ವಿಮಾನ ನಿಲ್ದಾಣದ ಕಡೆ ತಿರುಗುವಾಗ ಭಾವ ಕಿಟಕಿಯಿಂದ ಕೈ ತೋರಿಸಿದರು. “ನೋಡು, ಇದೇ ದಿಲ್ಲಿ ರೋಡು. ಹಿಂಗೇ ಬಿದ್ರೆ ಹೈದ್ರಾಬಾದು, ನಾಗಪುರ, ಆಗ್ರಾ. ಪಕ್ಕದಲ್ಲೇ ರೋಡಿಟ್ಕಂಡು ಜನ ಆಕಾಶಕ್ಕೆ ಹತ್ತವ್ರಲ್ಲ.”

ಒಳಗೆ ಹೋಗುವ ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದರು. ನಾನು ಆಧಾರ್ ತೋರಿಸಿದೆ. ಭಾವ ಜೇಬಿನಿಂದ ತಮ್ಮ ಹೆವಿ ಲೈಸೆನ್ಸ್ ತೆಗೆದು ತೋರಿಸಿದರು. ಲಾರಿ ಬಿಟ್ಟು ವರ್ಷ ಹತ್ತಿರವಾಗಿತ್ತು, ಲೈಸೆನ್ಸ್ ಮಾತ್ರ ಎದೆಯ ಜೇಬು ಬಿಟ್ಟಿರಲಿಲ್ಲ.

ಲಗೇಜು ಕೊಡುವ ಕೌಂಟರಿನಲ್ಲಿ ಒಬ್ಬ ಹುಡುಗಿ ಇದ್ದಳು, ಅಚ್ಚುಕಟ್ಟಾಗಿ ಜಡೆ ಸುತ್ತಿದ್ದವಳು. ಒಂದು ಚಿತ್ರದ ಹಲಗೆ ತೋರಿಸಿ, ಇವು ಯಾವುದಾದರೂ ಇದೆಯಾ ಎಂದು ಕೇಳಿದಳು. ಪಟಾಕಿ, ಪೆಟ್ರೋಲು, ಬೆಂಕಿಪೊಟ್ಟಣ. ಅವುಗಳ ಸಾಲಿನಲ್ಲೇ ನಮ್ಮ ಕೊಬ್ಬರಿ.

“ಐದೈತೆ ಕಣಮ್ಮ,” ಎಂದರು ಭಾವ, ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ.

“ಸಾರಿ ಸರ್. ಲಗೇಜಲ್ಲೂ ಬಿಡಲ್ಲ, ಕೈಯಲ್ಲೂ ಬಿಡಲ್ಲ.”

ನನಗೆ ರೇಗಿತು. “ಏನ್ರೀ, ಕೊಬ್ರಿ ಏನ್ ಬಾಂಬಾ?” ಎಂದುಬಿಟ್ಟೆ. ಆ ಜಾಗದಲ್ಲಿ ಆಡಬಾರದ ಮಾತು ಒಂದೇ ಒಂದಿದ್ದರೆ ಅದೇ. ಹಿಂದಿನ ಸಾಲಿನವರೆಲ್ಲ ಒಂದು ಹೆಜ್ಜೆ ಸರಿದರು. ಹುಡುಗಿಯ ಮುಖ ಬಿಗಿಯಿತು. ಭಾವ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ತಳ್ಳಿ, ಅವಳಿಗೆ ಕೈಮುಗಿದರು.

“ಆಯಮ್ಮ ಹೇಳದು ಸರಿಯಾಗೈತೆ ಅನಿತಾ. ಇದ್ರಲ್ಲಿ ಬೆಂಕಿ ಐತೆ. ರಂಗನಾಥಂಗೆ ಕಪಾಳಕ್ಕೆ ಕೊಟ್ಟಿದ್ದು ಇದಕ್ಕೇ ಅಲ್ವಾ? ಎಲ್ರಿಗಿಂತ ಮುಂಚೆ ನಂಗೆ ಹೊಳೀಬೇಕಿತ್ತು.” ಅವರ ದನಿಯಲ್ಲಿ ಕೋಪವೇ ಇರಲಿಲ್ಲ. ಇಪ್ಪತ್ತಾರು ವರ್ಷ ಊರಿಗೆಲ್ಲ ಹೇಳಿದ ಪಾಠವನ್ನು ಆ ಹುಡುಗಿ ಅವರಿಗೇ ತಿರುಗಿ ಹೇಳಿದ್ದಳು.

“ಬುಡಿ ಭಾವ, ಇಲ್ಲೇ ಯಾರಿಗಾದ್ರೂ ಕೊಟ್ಟು ಹೋಗಣ. ದಿಲ್ಲೀಲಿ ಕೊಬ್ರಿ ಸಿಗಲ್ವಾ? ನೀವೇ ಹೊತ್ತಾಕಿರದು!”

“ಸಿಗ್ತದೆ. ಅದು ಊರವ್ರ ಕೊಬ್ರಿ. ಇದು ನಿಮ್ಮಕ್ಕಂದು.”

ಅಲ್ಲೇ ಕಂಬದ ಪಕ್ಕ ನಿಂತು ಫೋನು ತೆಗೆದರು. ಆ ಕಡೆ ರಂಗನಾಥ್. ಅವನೀಗ ಚಿಕ್ಕಬಳ್ಳಾಪುರದಿಂದ ದಿಲ್ಲಿಗೆ ಟೊಮೆಟೊ ಲಾರಿ ಹೊಡೆಯುತ್ತಾನಂತೆ, ಅಂದು ಸಂಜೆ ಲೋಡು ಹೊರಡುವುದಿತ್ತು, ಜೊತೆಯ ಡ್ರೈವರು ಜ್ವರವೆಂದು ಮಲಗಿದ್ದ. ಫೋನಿನಿಂದ ‘ಬನ್ನಿ ಗುರುಗಳೇ’ ಎಂದದ್ದು ನನಗೂ ಕೇಳಿಸಿತು. ಟೊಮೆಟೊ ಲಾರಿ ಕೊಬ್ಬರಿ ಲಾರಿಯಂತಲ್ಲ, ಕೊಳೆಯುವ ಮಾಲು, ನಿಲ್ಲಿಸದೆ ಓಡುತ್ತದೆ. ಇಬ್ಬರು ಸರದಿಯಲ್ಲಿ ಹಿಡಿದರೆ ಅರವತ್ತು ಗಂಟೆ ಎಂದು ಭಾವ ಲೆಕ್ಕ ಹಾಕಿದರು. “ಶುಕ್ರವಾರ ಬೆಳಿಗ್ಗೆ ಬತ್ತೀನಿ. ನೀನು ವಿಮಾನದಲ್ಲಿ ನಡಿ.”

ಆಗ ನಾನು ಆಡಿದ ಮಾತನ್ನು ಬರೆಯಲು ಈಗ ಸಂಕಟವಾಗುತ್ತದೆ. ಆದರೂ ಬರೆಯುತ್ತೇನೆ. “ಮತ್ತೆ ಲಾರಿ ಹತ್ತಿ ಹೊಂಟ್ರಾ? ಜೀವಮಾನ ಎಲ್ಲ ಅಕ್ಕನ್ನ ಕಾಯ್ಸಿದ್ದು ಸಾಲ್ದಾ? ಈಗ ಮಗಳ್ನೂ ಕಾಯಿಸ್ತೀರಾ? ನೀವು ಯಾವತ್ತು ಟೈಮಿಗೆ ಬಂದಿದ್ದೀರಾ ಭಾವ?”

ಭಾವ ಬ್ಯಾಗಿನಿಂದ ಸೀರೆ ಅಂಚಿನ ಗಂಟನ್ನು ಮಾತ್ರ ತೆಗೆದುಕೊಂಡು, ಉಳಿದದ್ದನ್ನು ನನ್ನ ಕೈಗೆ ಕೊಟ್ಟು, ಬಂದ ಬಾಗಿಲಿನಿಂದಲೇ ಹೊರಗೆ ಹೋದರು.

ವಿಮಾನದಲ್ಲಿ ನನಗೆ ಕಿಟಕಿಯ ಸೀಟು ಸಿಕ್ಕಿತು, ಪಕ್ಕದ ಸೀಟು ಖಾಲಿ. ಆಸೆಪಟ್ಟು ಹತ್ತಿದವಳು ಎಲ್ಲವನ್ನೂ ಕಣ್ಣುತುಂಬ ನೋಡಬೇಕಿತ್ತು. ಕೆಳಗೆ ಮೋಡ ಬಿಟ್ಟು ಏನೂ ಇರಲಿಲ್ಲ. ಒಂದು ಟೀ ಕುಡಿದು, ಒಂದು ಸಣ್ಣ ತೂಕಡಿಕೆ ಮುಗಿಸುವಷ್ಟರಲ್ಲಿ ದಿಲ್ಲಿ ಬಂತು. ಐದು ಗಂಟೆಗೆ ಕೆಳಗಿಳಿದು ಫೋನು ಮಾಡಿದರೆ ಭಾವ ಚಿಕ್ಕಬಳ್ಳಾಪುರದಲ್ಲಿ ಟೊಮೆಟೊ ಕ್ರೇಟಿಗೆ ಹಗ್ಗ ಬಿಗಿಸುತ್ತಿದ್ದರು. ‘ಆಗ್ಲೇ ಮುಟ್ಟಿದ್ಯಾ?’ ಎಂದು ನಿಜವಾಗಿಯೂ ಬೆರಗಾಗಿ ಕೇಳಿದರು.

ಧನ್ಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ನನ್ನ ಬೆನ್ನ ಹಿಂದೆ ನೋಡಿ, “ಅಪ್ಪ ಎಲ್ಲಿ ಚಿಕ್ಕಮ್ಮ?” ಎಂದಳು. ಹೇಳಿದೆ. ಅವಳು ಸುಮ್ಮನೆ ತಲೆಯಾಡಿಸಿದಳು, ಅಭ್ಯಾಸವಾದವರು ತಲೆಯಾಡಿಸುವ ಹಾಗೆ. ಅದು ನನಗೆ ಅಳುವಿಗಿಂತ ಹೆಚ್ಚು ಚುಚ್ಚಿತು.

ಬುಧವಾರ ಬೆಳಿಗ್ಗೆ ಹೈದರಾಬಾದ್ ದಾಟಿದ್ದೇವೆ ಎಂದು ಫೋನು ಬಂತು. ಅದೇ ರಾತ್ರಿ ನಾಗಪುರದ ಆಚೆ, ಘಾಟಿಯಲ್ಲಿ ಯಾವುದೋ ಲಾರಿ ಮಗುಚಿ ರೋಡು ಕಟ್ಟಿದೆ ಎಂದರು. ಆಮೇಲೆ ಫೋನು ಸ್ವಿಚ್ ಆಫ್. ಗುರುವಾರ ಸಂಜೆ ಪುನೀತ್ ಯಾರಿಗೂ ಕಾಣದ ಹಾಗೆ ಅಂಗಡಿಗೆ ಹೋಗಿ ಐದು ಉಂಡೆ ಕೊಬ್ಬರಿ ತಂದ. ಒಳ್ಳೆಯ ಹುಡುಗ, ಅವನ ಲೆಕ್ಕ ತಪ್ಪಲ್ಲ. “ಇರ್ಲಿ ಅಂತ ಅತ್ತೆ, ಮಾವ ಬರದಿದ್ರೆ,” ಎಂದ. ನಾನು ಅದನ್ನು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಹಿಂದಕ್ಕೆ ತಳ್ಳಿ ಇಟ್ಟೆ. ಅದನ್ನು ಬಳಸಬೇಕಾಗಿ ಬಂದರೆ ಭಾವನನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದುಕೊಂಡೇ ಮಲಗಿದೆ.

ಶುಕ್ರವಾರ ಆರು ಗಂಟೆಗೆ ಎದ್ದು, ಬಾಗಿಲಿಗೆ ನೀರು ಹಾಕೋಣವೆಂದು ಚೊಂಬು ಹಿಡಿದು ಕದ ತೆಗೆದೆ. ಮೆಟ್ಟಿಲ ಮೇಲೆ ಭಾವ ಕೂತಿದ್ದರು.

ತಲೆಗೆ ಟವೆಲ್ ಸುತ್ತಿಕೊಂಡಿದ್ದರು. ಮೂರು ದಿನದ ಗಡ್ಡ, ಕಣ್ಣು ಕೆಂಡ, ಅಂಗಿಯ ಮೇಲೆ ಟೊಮೆಟೊ ಕಲೆ. ತೊಡೆಯ ಮೇಲೆ ಸೀರೆ ಅಂಚಿನ ಗಂಟು, ಅದಕ್ಕೆ ಮಾತ್ರ ಒಂದು ಕಲೆಯಿಲ್ಲ.

“ಎಷ್ಟೊತ್ತಿಗೆ ಬಂದ್ರಿ ಭಾವ?”

“ಐದಕ್ಕೆ.”

“ಒಂದು ಗಂಟೆಯಿಂದ ಈ ಚಳೀಲಿ ಕೂತಿದ್ದೀರಾ? ಬೆಲ್ ಒತ್ತಕ್ಕೇನಾಗಿತ್ತು?”

“ಬಸ್ರಿ ಮಲ್ಗಿರ್ತಾಳೆ, ಯಾಕೆ ಎಬ್ಬಿಸದು ಅಂತ.” ಆಮೇಲೆ, ನಾನು ಕೇಳಬಾರದ್ದನ್ನು ಕೇಳಿದೆನೇನೋ ಎಂಬಂತೆ ನೋಡಿ, ಹೇಳಿದರು: “ನಾನ್ಯಾವತ್ತು ಬಾಗ್ಲು ತಟ್ಟಿದೀನಿ ಅನಿತಾ? ಲೋಡಿಳ್ಸಿ ಬಂದಾಗೆಲ್ಲ ಜಗ್ಲಿ ಮೇಲೆ ಕೂತಿರ್ತಿದ್ದೆ. ನಿಮ್ಮಕ್ಕ ನೀರಾಕಕ್ಕೆ ಬಂದು ಕದ ತೆಗೆಯವ್ಳು.”

ಚೊಂಬು ಹಿಡಿದುಕೊಂಡೇ ನಿಂತುಬಿಟ್ಟೆ. ಅಕ್ಕನಿಗೆ ಒಂದು ಚಾಳಿಯಿತ್ತು. ಬೆಳಿಗ್ಗೆ ಎದ್ದವಳು ಮುಖ ತೊಳೆಯುವುದಕ್ಕೂ ಮುಂಚೆ ಹೋಗಿ ಬೀದಿ ಬಾಗಿಲು ತೆಗೆಯುತ್ತಿದ್ದಳು. ಬಾಣಂತನಕ್ಕೆ ತವರಿಗೆ ಬಂದಾಗಲೂ ಹಾಗೇ. ‘ಯಾವ ಲಕ್ಷ್ಮಿ ನಿಂತವಳೆ ಅಂತ ಹಂಗೆ ಓಡ್ತೀಯೇ?’ ಎಂದು ನಾನು ಆಡಿಕೊಂಡರೆ ನಗುತ್ತಿದ್ದಳು, ಕಾರಣ ಹೇಳುತ್ತಿರಲಿಲ್ಲ. ಭಾವ ತಡವಾಗಿ ಬರುವುದನ್ನು ನಾನು ಇಪ್ಪತ್ತಾರು ವರ್ಷ ಎಣಿಸಿದೆ. ಬಾಗಿಲ ಹೊರಗೆ ಕಾಯುತ್ತಿದ್ದದ್ದನ್ನು ಎಣಿಸಿದವಳು ಅವಳೊಬ್ಬಳೇ. ನನಗೆ ನಾಚಿಕೆಯಾಯಿತು. ಚೊಂಬಿನ ನೀರನ್ನೇ ಕಾಲಿಗೆ ಕೊಟ್ಟೆ.

ಹತ್ತು ಗಂಟೆಗೆ ಧನ್ಯನನ್ನು ಮಂಚದ ಮೇಲೆಯೇ ಪೂರ್ವಕ್ಕೆ ಮುಖ ಮಾಡಿ ಕೂರಿಸಿದೆವು. ಹಸಿರು ಸೀರೆ, ಹಸಿರು ಬಳೆ. ಅವಳು ಸೆರಗು ಒಡ್ಡಿದಳು. ಭಾವ ಸ್ನಾನ ಮಾಡಿ, ಗಡ್ಡ ಹೆರೆದು ಬಂದು ನೆಲದ ಮೇಲೆ ಕೂತು ಗಂಟು ಬಿಚ್ಚಿದರು. ಐದನ್ನೂ ಚಾಕುವಿನಿಂದ ನಡುವಿಗೆ ಸರಿಯಾಗಿ ಎರಡು ಮಾಡಿದರು. ಪ್ರತಿಯೊಂದಕ್ಕೂ ಚಾಕು ಇಡುವ ಮುಂಚೆ ಒಂದು ಗಳಿಗೆ ಕೈ ತಡೆಯುತ್ತಿತ್ತು, ಒಳಗೆ ಹೇಗಿದೆಯೋ ಎಂದು. ಹತ್ತು ಬಟ್ಟಲೂ ಮಲ್ಲಿಗೆಯಷ್ಟು ಬೆಳ್ಳಗಿದ್ದವು.

ನಾನು ಅಕ್ಕಿ, ಬೆಲ್ಲದಚ್ಚು, ಅರಿಶಿನದ ಕೊಂಬು, ಎಲೆ ಅಡಿಕೆ ಹಾಕಿದೆ. ಕೊನೆಗೆ ಕೊಬ್ಬರಿ. ಧನ್ಯ ಒಂದು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದಳು. “ನಮ್ಮ ಅಟ್ಟದ ವಾಸ್ನೆ ಚಿಕ್ಕಮ್ಮ,” ಎಂದಳು. ಅಷ್ಟು ದಿನ ತಡೆದಿದ್ದ ಅಳು ಅವಳಿಗೂ ಬಂತು, ನನಗೂ ಬಂತು. ಭಾವ ಚಾಕುವನ್ನು ಒರೆಸುತ್ತಾ ಕೂತರು, ಅದು ಒರೆಸಿದಷ್ಟೂ ಮುಗಿಯಲಿಲ್ಲ.

ಅಳು ತಿಳಿಯಾದ ಮೇಲೆ, ಏನಾದರೂ ಮಾತಾಡಬೇಕಲ್ಲ ಎಂದು ಪುನೀತ್ ಕೇಳಿದ. “ಒಟ್ಟು ಎಷ್ಟು ಟೈಮ್ ಹಿಡೀತು ಮಾವ, ಅಲ್ಲಿಂದ ಇಲ್ಲಿಗೆ?”

ಭಾವ ಬೆರಳು ಮಡಿಸಿ ಎಣಿಸಿದರು. ಅರವತ್ತು ಗಂಟೆ ಎನ್ನುತ್ತಾರೆ ಎಂದು ನಾನು ಕಾದೆ.

“ಹೋದ್ ವರ್ಷ ಶಿವರಾತ್ರಿ ಮಾರ್ನೆ ದಿನ ಹೊಂಟಿದ್ದಪ್ಪ,” ಎಂದರು. “ಇವತ್ತು ಮುಟ್ತು.”